ರಾಜೀನಾಮೆಯೂ ಪ್ರವಾಸಕಥನವೂ

ಕನ್ನಡದ ಪ್ರವಾಸಸಾಹಿತ್ಯ ಬಡವಾದುದೆಂದು ಯಾರೂ ಹೇಳಲಾರರು. ಆದರೆ ಅದರ ಬಹುಭಾಗ ರಜೆ ಪಡೆದು ಹೋದವರ ಸಾಹಿತ್ಯ. ವ್ಯಾಸಂಗಕ್ಕೆಂದು ಹೋದವರು, ಆಮಂತ್ರಣದ ಮೇಲೆ ಹೋದವರು, ಮಕ್ಕಳ ಮನೆಗೆ ಹೋದವರು, ನಿವೃತ್ತರಾದ ಬಳಿಕ ಹೋದವರು, ಇವರೆಲ್ಲ ಹಿಂತಿರುಗುವ ತಾರೀಖನ್ನು ಗೊತ್ತುಮಾಡಿಕೊಂಡೇ ಹೊರಟವರು. ಈಚೆಗೆ ಇನ್ನೊಂದು ಬಗೆಯ ಪ್ರವಾಸಿ ಕಾಣಿಸಿಕೊಂಡಿದ್ದಾನೆ. ಕಚೇರಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಬೆನ್ನಿಗೊಂದು ಚೀಲ ಏರಿಸಿ, ಲೋಕ ಸುತ್ತಲು ಹೊರಡುವ ತರುಣ ಅವನು, ತರುಣಿಯರೂ ಇದ್ದಾರೆ. ಇಂಥವರ ಬರಹಗಳು ಅಲ್ಲಲ್ಲಿ ಅಚ್ಚಾಗುತ್ತಿವೆ. ಅವುಗಳಲ್ಲಿ ಹಲವನ್ನು ನಾನು ಓದಿದ್ದೇನೆ. ಬೇಸರವಿಲ್ಲದೆ ಓದಿಸಿಕೊಳ್ಳುತ್ತವೆ, ನಿಜ. ಆದರೂ ಓದಿ ಮುಗಿಸಿದ ಮೇಲೆ ಮುಖ್ಯವಾದುದೊಂದು ಹೇಳದೆ ಉಳಿಯಿತೆನಿಸುತ್ತದೆ. ಆ ಕೊರತೆ ಯಾವುದೆಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಹಿರಿಯರು ಏನು ಮಾಡಿದರೆಂದು ನೋಡೋಣ. ಅವರ ಪುಸ್ತಕಗಳ ಹೆಸರುಗಳನ್ನು ಗಮನಿಸಿದರೂ ಸಾಕು. ಆಕ್ಸ್‌ಫರ್ಡಿನಲ್ಲಿ ಓದಲು ಹೋದ ವಿನಾಯಕ ಕೃಷ್ಣ ಗೋಕಾಕರು ತಮ್ಮ ಕೃತಿಯನ್ನು ‘ಸಮುದ್ರದಾಚೆಯಿಂದ’ ಎಂದು ಕರೆದರು. ಆಚೆಗೆ ಎನ್ನಲಿಲ್ಲ, ಆಚೆಯಿಂದ ಎಂದರು. ದೇಹ ಅಲ್ಲಿದ್ದರೂ ಮಾತಿನ ಮುಖ ಮನೆಯ ಕಡೆಗಿದೆ. ಶಿವರಾಮ ಕಾರಂತರ ಯುರೋಪ್ ಪ್ರವಾಸದ ಪುಸ್ತಕ ‘ಅಪೂರ್ವ ಪಶ್ಚಿಮ’. ಹಿಂದೆಂದೂ ಕಾಣದ್ದು ಅಪೂರ್ವ, ಪೂರ್ವವಲ್ಲದ್ದೂ ಅಪೂರ್ವವೇ. ಪಶ್ಚಿಮವನ್ನು ಅಳೆಯುವ ಕೋಲು ಪೂರ್ವದ್ದೆಂಬುದನ್ನು ಆ ಶ್ಲೇಷೆ ಮರೆಮಾಡುವುದಿಲ್ಲ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಇನ್ನೂ ಸ್ವಾರಸ್ಯವಾದ ಹೆಸರು. ಗೊರೂರು ಎಂಬುದು ಬರೆದವರ ಹೆಸರೂ ಹೌದು, ಹೇಮಾವತಿಯ ದಂಡೆಯ ಹಳ್ಳಿಯ ಹೆಸರೂ ಹೌದು. ಅಮೆರಿಕಕ್ಕೆ ಹೋದವರು ರಾಮಸ್ವಾಮಿ ಅಯ್ಯಂಗಾರರೊಬ್ಬರೇ ಅಲ್ಲ, ಅವರ ಜೊತೆಗೆ ಊರಿಗೆ ಊರೇ ಹೋಯಿತು. ನಮ್ಮ ಜಿಲ್ಲೆಯ ಹೊನ್ನಾವರದವರಾದ ಕೃಷ್ಣಾನಂದ ಕಾಮತರು ‘ನಾನೂ ಅಮೇರಿಕೆಗೆ ಹೋಗಿದ್ದೆ’ ಎಂದು ಬರೆದಾಗ ಆ ‘ನಾನೂ’ ಎಂಬ ಒಂದು ದೀರ್ಘದಲ್ಲಿ, ವಿದೇಶಕ್ಕೆ ಹೋಗಿಬಂದವರ ಠೀವಿಯ ಮೇಲಿನ ಪರಿಹಾಸವೆಲ್ಲ ಅಡಗಿದೆ.

ಈ ನಾಲ್ವರ ಮನೋಧರ್ಮ ಬೇರೆ ಬೇರೆ. ಆದರೆ ಒಂದು ಗುಣ ನಾಲ್ವರಲ್ಲಿಯೂ ಸಮಾನ: ಬಿಟ್ಟು ಬಂದ ನೆಲೆಯನ್ನು ಅವರು ಮರೆಯುವುದಿಲ್ಲ. ಕಂಡದ್ದರ ಬೆಲೆ ಕಟ್ಟುವುದು ಬಿಟ್ಟದ್ದರ ಎದುರಿನಲ್ಲಿಟ್ಟು.

ಹೊಸ ಪ್ರವಾಸಿಗೆ ಬಿಟ್ಟದ್ದು ಕಚೇರಿ. ಅವನ ಬರಹದಲ್ಲಿ ಅದಕ್ಕೆ ಸಿಗುವ ಜಾಗ ಎಷ್ಟು? ಸಾಮಾನ್ಯವಾಗಿ ಅರ್ಧ ಪುಟ. ಗಾಜಿನ ಕಟ್ಟಡ, ಕಂಪ್ಯೂಟರಿನ ಪರದೆ, ಮುಗಿಯದ ಮೀಟಿಂಗು, ಗದರುವ ಮೇಲಧಿಕಾರಿ, ಟ್ರಾಫಿಕ್ಕು. ಒಂದು ರಾತ್ರಿ ಬೇಸರ, ಮರುದಿನ ರಾಜೀನಾಮೆ. ಮುಂದಿನ ಪುಟ ತಿರುವಿದರೆ ವಿಮಾನ ಏರಿಯಾಗಿದೆ. ಐದೋ ಹತ್ತೋ ವರ್ಷ ಅನ್ನ ಕೊಟ್ಟ, ಆಯಸ್ಸನ್ನು ತಿಂದ ಒಂದು ಲೋಕ ಮೂರು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಗೆಳೆಯರಿರಲಿಲ್ಲವೆ? ಮಾಡಿದ ಕೆಲಸದಲ್ಲಿ ಒಂದು ದಿನವಾದರೂ ಸುಖವಿರಲಿಲ್ಲವೆ? ಬಿಟ್ಟ ಕುರ್ಚಿಯಲ್ಲಿ ಈಗ ಯಾರು ಕೂತಿದ್ದಾರೆ? ಲೇಖಕ ಹೇಳುವುದಿಲ್ಲ.

ಇದು ಬರಿಯ ವಿವರದ ಕೊರತೆಯಲ್ಲ, ರಸದ ಕೊರತೆ. ಇದನ್ನು ತಿಳಿಯಲು ನಮ್ಮ ಆದಿಕವಿಯ ಕಡೆಗೆ ನೋಡಬೇಕು. 941ರ ‘ಆದಿಪುರಾಣ’ದಲ್ಲಿ ಪಂಪ ಬಾಹುಬಲಿಯ ತ್ಯಾಗವನ್ನು ಎಲ್ಲಿ ಇಟ್ಟಿದ್ದಾನೆ? ಭರತನ ದಿಗ್ವಿಜಯವೆಲ್ಲ ನಮ್ಮ ಕಣ್ಣೆದುರಿಗೆ ಸಾಗಿಹೋಗಬೇಕು. ಷಟ್ಖಂಡ ಭೂಮಂಡಲವೆಂದರೆ ಏನೆಂಬುದು ಓದುಗನ ಅನುಭವಕ್ಕೆ ಬರಬೇಕು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಬಾಹುಬಲಿ ಗೆಲ್ಲಬೇಕು. ರಾಜ್ಯ ಕೈಗೆ ಬಂದ ಗಳಿಗೆಯಲ್ಲಿ ಅವನು ಅದನ್ನು ಬಿಡುತ್ತಾನೆ. ಬಿಟ್ಟದ್ದರ ತೂಕ ಮೊದಲು ಗೊತ್ತಾದುದರಿಂದಲೇ ಬಿಟ್ಟವನ ತೂಕ ಗೊತ್ತಾಗುತ್ತದೆ. ಮೊದಲ ಪದ್ಯದಲ್ಲಿಯೇ ಬಾಹುಬಲಿ ರಾಜ್ಯ ಬಿಟ್ಟು ಕಾಡಿಗೆ ನಡೆದಿದ್ದರೆ, ನಾವು ಅವನನ್ನು ಕೈಮುಗಿದು ಕಳಿಸಿಕೊಡುತ್ತಿದ್ದೆವು. ಅವನ ಹಿಂದೆ ಹೋಗುತ್ತಿರಲಿಲ್ಲ.

ಕಚೇರಿ ಸಾಹಿತ್ಯಕ್ಕೆ ಒದಗದ ವಸ್ತು ಎಂದು ಯಾರಾದರೂ ಹೇಳಬಹುದು. ಅದಕ್ಕೆ ಉತ್ತರ ಕೊಟ್ಟವರು ನಮ್ಮ ಜಿಲ್ಲೆಯವರೇ, ಹನೇಹಳ್ಳಿಯ ಯಶವಂತ ಚಿತ್ತಾಲರು. ಮುಂಬಯಿಯ ಉದ್ದಿಮೆಯಲ್ಲಿ ದುಡಿದ ಅವರು 1979ರಲ್ಲಿ ‘ಶಿಕಾರಿ’ಯನ್ನು ಪ್ರಕಟಿಸಿದರು. ಕೆಲಸದಿಂದ ಅಮಾನತಾದ ನಾಗಪ್ಪನ ಭಯ, ಸಂಶಯ, ಲೆಕ್ಕಾಚಾರಗಳಲ್ಲಿ ಕಂಪನಿಯೆಂಬ ಕಾಡು ನಮಗೆ ಕಾಣುತ್ತದೆ. ನೌಕರಿ ಎಂಬುದು ಮನುಷ್ಯನ ಒಳಗೆ ಎಷ್ಟು ಆಳಕ್ಕೆ ಇಳಿದಿರುತ್ತದೆಂಬುದನ್ನು ಈ ಕಾದಂಬರಿಯಷ್ಟು ನಿಷ್ಠುರವಾಗಿ ತೋರಿಸಿದ ಇನ್ನೊಂದು ಕನ್ನಡ ಕೃತಿ ನನಗೆ ನೆನಪಾಗದು. ಅಂದಮೇಲೆ ನಮ್ಮಲ್ಲಿ ಕಚೇರಿಯ ಮಹಾಕಾದಂಬರಿಯೂ ಇದೆ, ಲೋಕಸಂಚಾರದ ಒಳ್ಳೆಯ ಗ್ರಂಥಗಳೂ ಇವೆ. ಎರಡನ್ನೂ ಕೂಡಿಸುವ ಪುಸ್ತಕವನ್ನು ಬರೆಯಬೇಕಾದವನು ಈ ಹೊಸ ಪ್ರವಾಸಿ. ಅವನೋ ಮೊದಲರ್ಧವನ್ನು ಹರಿದೊಗೆದು ಹೊರಡುತ್ತಾನೆ.

ಈ ಮಾತನ್ನು ನಾನು ಪುಸ್ತಕ ಓದಿಯಷ್ಟೇ ಹೇಳುತ್ತಿಲ್ಲ. ನಾನಿರುವುದು ಜೋಯಿಡಾ ತಾಲೂಕಿನ ಗಣೇಶಗುಡಿಯಲ್ಲಿ. ಶನಿವಾರ ಬಂತೆಂದರೆ ದೊಡ್ಡ ದೊಡ್ಡ ಚೀಲ ಹೊತ್ತವರು ಬಸ್ಸಿನಿಂದ ಇಳಿಯುತ್ತಾರೆ. ಕೆಲವರಿಗೆ ಮಂಗಟ್ಟೆ ಹಕ್ಕಿಯ ಚಿತ್ರ ಬೇಕು. ಹೆಚ್ಚಿನವರಿಗೆ ಕಾಳೀನದಿಯ ಬಿಳಿನೊರೆಯಲ್ಲಿ ರಬ್ಬರ್ ದೋಣಿಯಾಟ ಬೇಕು. ಕೆಲಸ ಬಿಟ್ಟು ಊರೂರು ಅಲೆಯುವವರೂ ಇವರೊಳಗೆ ಇರುತ್ತಾರೆ. ಚಹದಂಗಡಿಯಲ್ಲಿ ಮಾತಿಗೆ ಸಿಕ್ಕವರೊಬ್ಬರು, ಕಚೇರಿಯ ಗಡಿಯಾರದಿಂದ ತಪ್ಪಿಸಿಕೊಂಡು ಕೊನೆಗೂ ಸ್ವಚ್ಛಂದವಾದ ನದಿಯೊಂದನ್ನು ಕಂಡೆವೆಂದು ಹಿಗ್ಗಿದರು. ಆದರೆ ಇಲ್ಲಿ ಕಾಳಿ ಸ್ವಚ್ಛಂದಳಲ್ಲ. ಊರ ನೆತ್ತಿಯ ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿದೆ. ಅದರ ವಿದ್ಯುದಾಗಾರದಿಂದ ಎಷ್ಟು ನೀರು ಬಿಡುತ್ತಾರೋ ಅದರ ಮೇಲೆ ಕೆಳಗಿನ ದೋಣಿಯಾಟ. ಕಚೇರಿ ಬಿಟ್ಟು ಬಂದವರನ್ನು ಕುಣಿಸುವ ಆ ಅಲೆಗಳು ಇನ್ನೊಂದು ಕಚೇರಿಯ ಆಜ್ಞೆಯಂತೆ ಏಳುತ್ತವೆ, ಇಳಿಯುತ್ತವೆ. ಇದನ್ನು ಕಂಡು ಬರೆದವನು ಪ್ರವಾಸಿಲೇಖಕ. ನೊರೆಯನ್ನಷ್ಟೇ ಬರೆದವನು ಗಿರಾಕಿ.

ಆ ಅಣೆಕಟ್ಟಿನ ಹಿಂದೆ ಇನ್ನೊಂದು ಕಥೆಯಿದೆ. ತಾಲೂಕಿನ ಮುಖ್ಯಸ್ಥಳವಾಗಿದ್ದ ಸೂಪಾ ಆ ನೀರಿನಲ್ಲಿ ಮುಳುಗಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಮನೆ ಕಳಕೊಂಡ ಅನೇಕ ಕುಟುಂಬಗಳು ರಾಮನಗರಕ್ಕೆ ಹೋದವು. ಅಂಥ ಮನೆತನದ ಹುಡುಗನೊಬ್ಬ ನನ್ನ ವಿದ್ಯಾರ್ಥಿಯಾಗಿದ್ದ. ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು, ಕೆಲಸ ಬಿಟ್ಟು, ಹೊರಡುವ ಮುನ್ನ ನನ್ನಲ್ಲಿಗೆ ಬಂದ. “ಸರ್, ಜೊತೆಗೆ ಒಯ್ಯಲಿಕ್ಕೆ ಒಂದು ಕನ್ನಡ ಪುಸ್ತಕ ಹೇಳ್ರಿ” ಎಂದ. ಮನೆಯಲ್ಲಿ ಏನೆಂದರೆಂದು ಕೇಳಿದೆ. ತಂದೆ ಮಾತು ಬಿಟ್ಟಿದ್ದರು. ಅಜ್ಜಿ ಮಾತ್ರ ಕೊಂಕಣಿಯಲ್ಲಿ ಒಂದೇ ಪ್ರಶ್ನೆ ಕೇಳಿದಳಂತೆ: “ನಿನ್ನನ್ನು ಯಾರು ಬಿಡಿಸಿದರು?” ಹುಡುಗ ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಆ ಮುದುಕಿಯ ಅನುಭವಕೋಶದಲ್ಲಿ ಬಿಡುವುದು ಎಂಬ ಕ್ರಿಯಾಪದಕ್ಕೆ ಕರ್ತೃ ತಾನಾಗಿರುವುದು ಸಾಧ್ಯವೇ ಇಲ್ಲ. ಬಿಡಿಸುವವರು ಇರುತ್ತಾರೆ, ಬಿಡಬೇಕಾಗುತ್ತದೆ, ಅಷ್ಟೆ.

ಬಿಟ್ಟು ಹೊರಡುವವನ ಸಾಹಿತ್ಯಕ್ಕೆ ಈ ಪ್ರಶ್ನೆ ಒರೆಗಲ್ಲಾಗಬೇಕು. ತಾನಾಗಿ ಬಿಡಬಲ್ಲೆನೆಂಬುದು ಧೈರ್ಯ ಮಾತ್ರವಲ್ಲ, ಒಂದು ಅನುಕೂಲವೂ ಹೌದು. ಬ್ಯಾಂಕಿನಲ್ಲಿ ಕೂಡಿಟ್ಟ ಹಣ, ಬೇಡಿಕೆಯಿರುವ ವಿದ್ಯೆ, ಮರಳಿ ಬಂದರೆ ಮಲಗಲು ಒಂದು ಕೋಣೆ, ಇವು ಇದ್ದವನ ರಾಜೀನಾಮೆಯೇ ಬೇರೆ. ತಂಗಿಯ ಮದುವೆಯ ಸಾಲ ಹೊತ್ತವನ ರಾಜೀನಾಮೆಯೇ ಬೇರೆ. ಒಳ್ಳೆಯ ಲೇಖಕ ಈ ಲೆಕ್ಕವನ್ನು ಬಚ್ಚಿಡುವುದಿಲ್ಲ. ನಾ. ಡಿಸೋಜರನ್ನು ನೆನೆಯೋಣ. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಅವರು ಶರಾವತಿಯ ಮುಳುಗಡೆಯ ಜನರನ್ನು ಕಂಡರು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಕೊಟ್ಟರು. ಮೇಜಿನ ಮುಂದೆ ಕೂತವನ ಕಣ್ಣು ಕುರುಡಾಗಿರಲೇಬೇಕೆಂಬ ನಿಯಮವಿಲ್ಲ. ಲೋಕ ಸುತ್ತಿದವನ ಕಣ್ಣು ತೆರೆದೇ ಇರುತ್ತದೆಂಬ ಭರವಸೆಯೂ ಇಲ್ಲ.

ಹಾಗಾದರೆ ಕೆಲಸ ಬಿಡುವುದೇ ತಪ್ಪೆ? ನಾನು ಹಾಗೆನ್ನಲಾರೆ. ಹಿಂದಿಯ ರಾಹುಲ ಸಾಂಕೃತ್ಯಾಯನರು ಅಲೆದಾಟವನ್ನೇ ಧರ್ಮವೆಂದು ಬಗೆದು ‘ಘುಮಕ್ಕಡ ಶಾಸ್ತ್ರ’ ಬರೆದರು, ಬರೆದಂತೆ ಬಾಳಿದರು. ನಮ್ಮ ಕಾಮತರು ಕೀಟವಿಜ್ಞಾನ ಕಲಿತವರು. ಆದರೆ ಕ್ಯಾಮರಾ, ಲೇಖನಿ, ತಿರುಗಾಟಗಳನ್ನು ಬಾಳಿನ ಮುಖ್ಯ ಉದ್ಯೋಗ ಮಾಡಿಕೊಂಡರು. ಬಸ್ತರದ ಕಾಡುಜನರ ನಡುವೆ ಅಲೆದು ಅವರು ಬರೆದ ಪುಸ್ತಕದಲ್ಲಿ, ನೌಕರಿಯ ಮನುಷ್ಯನಿಗೆ ಸುಲಭವಾಗಿ ದೊರೆಯದ ಬಿಡುವು ಇದೆ. ಇನ್ನೊಂದು ಕಡೆ, ವಿಮಾನ ಕಾರ್ಖಾನೆಯ ಎಂಜಿನಿಯರ್ ಕೆಲಸದಲ್ಲಿದ್ದ ನೇಮಿಚಂದ್ರ ಗೆಳತಿಯೊಡನೆ ಹೋಗಿಬಂದು ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಬರೆದರು. ಇಬ್ಬರು ಹೆಂಗಸರು ಅಷ್ಟು ದೂರದ ಅಪರಿಚಿತ ನಾಡಿಗೆ ಹೊರಡುವುದೆಂದರೆ ಏನೆಂಬ ಅರಿವು ಆ ಕೃತಿಗೆ ಬೆನ್ನೆಲುಬು. ಆದುದರಿಂದ ರಾಜೀನಾಮೆ ಪತ್ರ ಪ್ರತಿಭೆಯ ಪ್ರಮಾಣಪತ್ರವಲ್ಲ, ಪ್ರತಿಭೆಗೆ ಅಡ್ಡಿಯೂ ಅಲ್ಲ. ಇಂದಂತೂ ಗಗನ್ ಶ್ರೀನಿವಾಸ್ ಎಂಬ ತರುಣ ‘ಡಾ. ಬ್ರೋ’ ಎಂಬ ಹೆಸರಿನಲ್ಲಿ ದೇಶದೇಶಗಳ ಬೀದಿಗಳಲ್ಲಿ ನಿಂತು ಕನ್ನಡದಲ್ಲಿ ಮಾತನಾಡಿದರೆ ಲಕ್ಷಾಂತರ ಜನ ಮನೆಯಲ್ಲೇ ಕೂತು ನೋಡುತ್ತಾರೆ. ಊರು ಹೇಗಿದೆಯೆಂದು ತೋರಿಸುವ ಕೆಲಸವನ್ನು ಕ್ಯಾಮರಾ ವಹಿಸಿಕೊಂಡಾಯಿತು. ಬರಹಕ್ಕೆ ಉಳಿದಿರುವುದು ಹೋದವನು ಏನಾದನೆಂಬುದು.

ಇನ್ನೊಂದು ಮಾತು. ನಮ್ಮ ಹುಡುಗರಲ್ಲಿ ಅನೇಕರು ಪಾಶ್ಚಾತ್ಯ ಪುಸ್ತಕಗಳ ಧಾಟಿಯನ್ನು ಅನುಕರಿಸುತ್ತಾರೆ. ಬಹುಪಾಲು ಗಡಿಗಳು ಪಾಸ್‌ಪೋರ್ಟ್ ತೋರಿಸಿದೊಡನೆ ತೆರೆದುಕೊಳ್ಳುವ ದೇಶದವನ ಧಾಟಿ ಅದು. ನಮ್ಮವನು ವೀಸಾ ಅರ್ಜಿ ತುಂಬಬೇಕು, ಬ್ಯಾಂಕಿನ ಲೆಕ್ಕಪತ್ರ ಲಗತ್ತಿಸಬೇಕು. ಎಷ್ಟೋ ದೇಶಗಳವರು ಉದ್ಯೋಗದ ಪತ್ರವನ್ನೂ ಕೇಳುತ್ತಾರೆ. ಉದ್ಯೋಗ ಬಿಟ್ಟದ್ದಕ್ಕಾಗಿಯೇ ಹೊರಟವನು ಉದ್ಯೋಗವಿದೆಯೆಂದು ತೋರಿಸಬೇಕಾದ ಆ ಕಿಟಕಿಯ ಮುಂದೆ ಎಂಥ ಹಾಸ್ಯವಿದೆ, ಎಂಥ ಅವಮಾನವಿದೆ! ಗೊರೂರರ ಕೈಗೆ ಇದು ಸಿಕ್ಕಿದ್ದರೆ ಒಂದು ಅಧ್ಯಾಯವಾಗುತ್ತಿತ್ತು. ನಮ್ಮ ತರುಣರು ಇದನ್ನು ತೊಂದರೆಯೆಂದು ತಿಳಿದು ಬಿಟ್ಟುಬಿಡುತ್ತಾರೆ. ಇದೇ ವಸ್ತುವೆಂದು ಅವರಿಗೆ ಹೊಳೆಯುವುದಿಲ್ಲ.

ಕಡೆಯದಾಗಿ ಹಿಂತಿರುಗುವ ವಿಚಾರ. ಹೊಸ ಬರಹಗಳು ಹೆಚ್ಚಾಗಿ ಯಾವುದೋ ಬೆಟ್ಟದ ತುದಿಯ ಸೂರ್ಯೋದಯದಲ್ಲಿ ಮುಗಿಯುತ್ತವೆ. ಅಲ್ಲಿಂದ ಇಳಿದು ಬಂದವನು ಏನು ಮಾಡಿದ? ಕಾರಂತರು ಪಶ್ಚಿಮವನ್ನು ಸುತ್ತಿ ಬಂದವರು. ಎಂಬತ್ತು ದಾಟಿದ ಮೇಲೆ ಇದೇ ಕಾಳಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬೇಡವೆಂದು ಹೋರಾಡಿದರು. 1989ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಸ್ಥಾವರ ಬಂತು. ಅವರ ನಿಲುವನ್ನು ಒಪ್ಪಬಹುದು, ಬಿಡಬಹುದು. ಆದರೆ ದೂರವನ್ನು ಕಂಡ ಕಣ್ಣು ಹತ್ತಿರದ ನದಿಯನ್ನು ನೋಡಲು ಮರೆಯಲಿಲ್ಲವೆಂಬುದನ್ನು ಒಪ್ಪಲೇಬೇಕು. ಲೋಕಸಂಚಾರದ ಫಲವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನ ನನಗೆ ಗೊತ್ತಿಲ್ಲ.

ಕೆಲಸ ಬಿಟ್ಟು ಹೊರಟ ತರುಣ ತರುಣಿಯರು ಬರೆಯಲಿ. ಕಚೇರಿಯ ಮೇಜನ್ನು ಬರೆಯಲಿ, ತಿಂಗಳ ಕಂತನ್ನು ಬರೆಯಲಿ, ವೀಸಾ ಕಿಟಕಿಯನ್ನು ಬರೆಯಲಿ, ಮಾತು ಬಿಟ್ಟ ತಂದೆಯನ್ನು ಬರೆಯಲಿ. ಆಮೇಲೆ ಹಿಮಾಲಯವನ್ನೂ ಆಂಡೀಸನ್ನೂ ಬರೆಯಲಿ. ಓದಲು ನಾವು ಸಿದ್ಧರಿದ್ದೇವೆ. ಸೂಪಾದಿಂದ ಬಿಡಿಸಿಕೊಂಡವಳ ಮೊಮ್ಮಗ ತಾನಾಗಿ ಊರು ಬಿಟ್ಟನೆಂಬುದು ಸಣ್ಣ ಸಂಗತಿಯಲ್ಲ. ಎರಡು ತಲೆಮಾರುಗಳ ಚರಿತ್ರೆ ಅದರಲ್ಲಿದೆ. ಅಜ್ಜಿಯ ಪ್ರಶ್ನೆಗೆ ಅವನು ಉತ್ತರ ಬರೆದ ದಿನ ಕನ್ನಡಕ್ಕೆ ಒಂದು ಹೊಸ ಬಗೆಯ ಪ್ರವಾಸಕಥನ ಬಂದಿತೆಂದು ತಿಳಿಯಬೇಕು.