ಹೊರ ಅಳತೆಯ ಪೆಟ್ಟಿಗೆ

‘ಎಂಡಿಎಫ್ ಬಿಟ್ಟು ಬ್ಯಾರೇದ್ರಾಗ ಬಾಕ್ಸ್ ಮಾಡಿದ್ರೆ ಬೇಸ್ ಬರಾಂಗಿಲ್ರೀ.’ ಈ ಮಾತನ್ನು ಬಳ್ಳಾರಿಯ ಪ್ಲೈವುಡ್ ಅಂಗಡಿಯಲ್ಲಿ ಕೇಳಿದೆ. ಸಿರುಗುಪ್ಪದಲ್ಲಿ ಟ್ರ್ಯಾಕ್ಟರಿಗೆ ಡೆಕ್ ಕೂಡಿಸುವವರ ಹತ್ತಿರ ಕೇಳಿದೆ. ಕೊನೆಗೆ ಮೋಕಾದಲ್ಲಿ ಭತ್ತದ ಚೀಲಗಳ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಹುಡುಗನ ಬಾಯಲ್ಲೂ ಕೇಳಿದೆ. ಅವನ ಬಾಕ್ಸು ಎಂಡಿಎಫಿನದೇ. ಒಂದೇ ಒಂದು ಮಳೆಗಾಲ ಕಂಡಿತ್ತು. ಕೆಳಗಿನ ಅಂಚು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು, ಸ್ಕ್ರೂಗಳು ಬೆರಳಲ್ಲೇ ತಿರುಗುತ್ತಿದ್ದವು. ಮಾತು ಮಾತ್ರ ಅಲುಗಾಡಿರಲಿಲ್ಲ.

ಹಗರಿ ದಂಡೆಯ ಈ ಸೀಮೆಯಲ್ಲಿ ಟ್ರ್ಯಾಕ್ಟರಿಗೆ ಬೇಸ್ ಬಾಕ್ಸು ಯಾಕೆ ಬೇಕು ಅಂತ ವಿವರಿಸುತ್ತ ಕೂರುವುದಿಲ್ಲ. ಸುಗ್ಗಿಯಲ್ಲಿ ರಾತ್ರಿಯೆಲ್ಲ ಉಳುವವರಿಗೂ, ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಟ್ರೇಲರ್ ಕಟ್ಟಿಕೊಂಡು ಹೋದವರಿಗೂ ಅದು ಗೊತ್ತು. ನನ್ನ ತಕರಾರು ಇರುವುದು ಹೊಸದಾಗಿ ಬಾಕ್ಸ್ ಮಾಡಹೊರಟವನಿಗೆ ಕೈಗೆ ಸಿಗುವ ಉಪದೇಶದ ಬಗ್ಗೆ. ಯಾವ ಹಲಗೆ, ಯಾವ ಹತ್ಯಾರ, ಯಾವ ಅಂಟು ಎಂಬ ಆ ಪಟ್ಟಿಗೆ ಬಂದಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು.

ಎಂಡಿಎಫಿಗೆ ಗುಣವಿಲ್ಲ ಎನ್ನುವುದಿಲ್ಲ. ಒಳಗೆ ಪೊಳ್ಳಿಲ್ಲ, ಎಳೆ ಇಲ್ಲ, ಎಲ್ಲಿ ಕೊಯ್ದರೂ ಒಂದೇ ಸಮ. ತೂಕ ಇರುವುದರಿಂದ ಹಲಗೆ ತಾನೇ ನಡುಗುವುದು ಕಡಿಮೆ. 18 ಮಿ.ಮೀ.ನ ಎಂಟು ಬೈ ನಾಲ್ಕು ಅಡಿ ಶೀಟು ಹತ್ತಿರ ಹತ್ತಿರ 40 ಕೆ.ಜಿ. ತೂಗುತ್ತದೆ, ಅದೇ ಅಳತೆಯ ಪ್ಲೈವುಡ್ ಇದಕ್ಕಿಂತ ಏಳೆಂಟು ಕೆ.ಜಿ. ಹಗುರ. ಆದರೆ ಈ ಹಲಗೆಗೆ ಕೀರ್ತಿ ಬಂದದ್ದು ಕಾರಿನ ಡಿಕ್ಕಿಯೊಳಗೆ. ಮಳೆ ತಾಗದ, ಬಿಸಿಲು ಹೊಗದ, ಟಾರು ರಸ್ತೆಯ ಮೇಲೆ ತೇಲಿದಂತೆ ಹೋಗುವ ಕಾರು ಅದು. ಟ್ರ್ಯಾಕ್ಟರಿಗೆ ಡಿಕ್ಕಿ ಎಲ್ಲಿದೆ? ಮಡ್‌ಗಾರ್ಡಿನ ಪಕ್ಕ, ಸೀಟಿನ ಹಿಂದೆ, ನಲವತ್ತು ಡಿಗ್ರಿ ಬಿಸಿಲಲ್ಲಿ ಬೇಯುತ್ತ, ಎರೆಹೊಲದ ಹೆಂಟೆಗಳ ಮೇಲೆ ಕುಣಿಯುತ್ತ ಇರಬೇಕಾದ ಪೆಟ್ಟಿಗೆಗೆ ಮರದ ನಾರನ್ನು ಅಂಟಿನಲ್ಲಿ ಒತ್ತಿದ ಹಲಗೆ ತಕ್ಕುದಲ್ಲ. ಅಂಚಿಗೆ ಒಮ್ಮೆ ನೀರು ಕುಡಿಸಿದರೆ ಉಬ್ಬಿದ್ದು ಉಬ್ಬಿತು, ಒಣಗಿದ ಮೇಲೂ ಇಳಿಯುವುದಿಲ್ಲ.

ಇಲ್ಲಿಗೆ ಪ್ಲೈವುಡ್ಡೇ ಸರಿ ಅನ್ನುವುದು ನನ್ನ ತೀರ್ಪು. ಅದರಲ್ಲೂ ಐಎಸ್ 710 ಮುದ್ರೆಯದು. 72 ತಾಸು ಕುದಿಸಿದರೂ ಪದರ ಬಿಡಬಾರದು ಎಂಬ ಪರೀಕ್ಷೆ ಅದಕ್ಕಿದೆ. ದುಡ್ಡು ಸಾಲದಿದ್ದರೆ ಐಎಸ್ 303ರ ಬಿಡಬ್ಲ್ಯುಆರ್ ಆದೀತು. ಮುದ್ರೆ ನೋಡಿ ನಂಬಿಬಿಡಬಾರದು, ಶೀಟನ್ನು ನಿಲ್ಲಿಸಿ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತ ಬರಬೇಕು. ಟಕ್ ಟಕ್ ಎನ್ನುತ್ತಿದ್ದದ್ದು ಒಂದು ಕಡೆ ಡಬ್ ಎಂದರೆ ಅಲ್ಲಿ ಪೊಳ್ಳಿದೆ. ಆ ಪೊಳ್ಳೇ ನಾಳೆ ಬಾಕ್ಸಿನಲ್ಲಿ ಗುಂಗಾಡಿಯ ಹಾಗೆ ಗುಂಯ್‌ಗುಡುತ್ತದೆ. ಮನೆ ಕಟ್ಟಿ ಮುಗಿದ ಮೇಲೆ ಅಗ್ಗಕ್ಕೆ ಸಿಗುವ ಸೆಂಟ್ರಿಂಗ್ ಪ್ಲೈ ಗಟ್ಟಿ ಹೌದು. ಆದರೆ ಅದಾಗಲೇ ಡೊಂಕು, ಮೈತುಂಬ ಮೊಳೆಯ ತೂತು, ಗರಗಸದ ಹಲ್ಲು ತಿನ್ನುವ ಸಿಮೆಂಟು ಬೇರೆ. ಇನ್ನು ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಇದೆಯಲ್ಲ, ಕೆರೆಯಂಗಳವನ್ನೆಲ್ಲ ನುಂಗಿದ ಆ ಮರ ಒಂದು ನೆಟ್ಟನೆಯ ಗೇಣುದ್ದದ ಪಟ್ಟಿ ಕೊಡಲೂ ಒಪ್ಪುವುದಿಲ್ಲ. ಅದು ಒಲೆಗೇ ಲಾಯಕ್ಕು.

ಹತ್ಯಾರದ ಪಟ್ಟಿ ಇನ್ನೂ ಉಬ್ಬಿದೆ. ರೂಟರ್ ಬೇಕು, ಟೇಬಲ್ ಸಾ ಬೇಕು, ಮೊಳೆ ಹೊಡೆಯುವ ಗನ್ನು ಬೇಕು ಅಂತೆ. ಮೊದಲ ಬಾಕ್ಸ್ ಮಾಡುವವನಿಗೆ ಇವು ಯಾವುವೂ ಬೇಡ. ನೆಟ್ಟನೆಯ ಕೊಯ್ತವನ್ನು ಮಿಲ್ಲಿನ ದೊಡ್ಡ ಯಂತ್ರದಲ್ಲೇ ಮಾಡಿಸಬೇಕು. ಕೈಗೆ ಒಂದು ಜಿಗ್ ಸಾ, ಒಂದು ಡ್ರಿಲ್, ನಾಲ್ಕು ಶಿಕಂಜ, ಟೇಪು ಸಾಕು. ಯಾವ ಪಟ್ಟಿಯಲ್ಲೂ ಮೊದಲು ಬರದ, ಎಲ್ಲಕ್ಕಿಂತ ಅಗ್ಗದ ಹತ್ಯಾರವೊಂದಿದೆ: ಮೂಲೆಮಟ್ಟ. ಬಡಗಿಯ ಮನೆಯ ಹುಡುಗ ಉಳಿ ಹಿಡಿಯುವ ಮೊದಲು ಅದನ್ನು ಹಿಡಿದಿರುತ್ತಾನೆ. ಮೂಲೆ ಮಟ್ಟವಿಲ್ಲದ ಪೆಟ್ಟಿಗೆಗೆ ಎಷ್ಟು ಅಂಟು ಸುರಿದರೂ ಸಂದಿ ಮುಚ್ಚುವುದಿಲ್ಲ.

ಈಗ ಮೋಕಾದ ಹುಡುಗನ ಬಾಕ್ಸಿಗೆ ಬರುತ್ತೇನೆ. ಹನ್ನೆರಡು ಇಂಚಿನ ವೂಫರು. ಅಳತೆ ಕೇಳಿದೆ. ‘ಹದಿನಾರು, ಹದಿನಾರು, ಹದಿನಾಲ್ಕು’ ಅಂದ. ಎಲ್ಲಿಂದ ಎಲ್ಲಿಗೆ ಅಂದರೆ ಟೇಪನ್ನು ಹೊರಗಿನಿಂದ ಹಿಡಿದು ತೋರಿಸಿದ. ಈ ಸೀಮೆಯ ನೂರಾರು ಬಾಕ್ಸುಗಳ ಹಣೆಬರಹ ಆ ಒಂದು ಕೈಚಲನೆಯಲ್ಲಿದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

16×16×14 ಇಂಚು ಎಂದರೆ ಲೆಕ್ಕಕ್ಕೆ 58 ಲೀಟರಿಗೆ ಮೇಲೆ. ಆದರೆ ವೂಫರಿಗೆ ಹಲಗೆ ಕೇಳಿಸುವುದಿಲ್ಲ, ಒಳಗಿನ ಗಾಳಿ ಕೇಳಿಸುತ್ತದೆ. 18 ಮಿ.ಮೀ. ಹಲಗೆ ಎರಡೂ ಬದಿಯಲ್ಲಿ ಇರುವುದರಿಂದ ಪ್ರತಿ ಅಳತೆಯಲ್ಲೂ 36 ಮಿ.ಮೀ., ಅಂದರೆ ಸುಮಾರು ಒಂದೂವರೆ ಇಂಚು ಹೋಯಿತು. ಉಳಿದದ್ದು 44 ಲೀಟರು. ನಾಲ್ಕರಲ್ಲಿ ಒಂದು ಪಾಲು ಹಲಗೆಯ ಪಾಲಾಯಿತು. ವೂಫರಿನ ಹಿಂಭಾಗ, ಪೈಪು, ಒಳಗಿನ ಆಸರೆಯ ಪಟ್ಟಿ ಇಷ್ಟನ್ನೂ ಕಳೆದರೆ 40 ಲೀಟರು ಸಿಕ್ಕರೆ ಪುಣ್ಯ. ಭತ್ತ ಅಳೆಯುವಾಗ ಸೇರಿನ ಹೊರಮೈ ಅಳೆದು ಲೆಕ್ಕ ಹೇಳುವ ವ್ಯಾಪಾರಿಯನ್ನು ಇದೇ ಹುಡುಗ ಸುಮ್ಮನೆ ಬಿಡುತ್ತಿದ್ದನೆ?

ಪೈಪಿನ ಕಥೆ ಇದಕ್ಕಿಂತ ವಿಚಿತ್ರ. ಹೊಲಕ್ಕೆ ತಂದ ನಾಲ್ಕಿಂಚಿನ ಪಿವಿಸಿ ಪೈಪಿನಲ್ಲಿ ಉಳಿದ ಆರಿಂಚಿನ ತುಂಡನ್ನು ಮುಂಭಾಗಕ್ಕೆ ತೂರಿಸಿದ್ದ. ಯಾಕೆ ಆರೇ ಇಂಚು? ಉಳಿದಿದ್ದು ಅಷ್ಟೇ! ಬಿಂದಿಗೆಗೆ ನೀರು ಬಿಡುವಾಗ ಅದು ತುಂಬುತ್ತ ಬಂದಂತೆ ಸದ್ದು ಸಣ್ಣಗಾಗಿ ಮೇಲೇರುವುದನ್ನು ನಾವೆಲ್ಲ ಕೇಳಿದ್ದೇವೆ. ಒಳಗಿನ ಗಾಳಿ ಕಡಿಮೆಯಾದಷ್ಟೂ ಸ್ವರ ಏರುತ್ತದೆ, ಕುತ್ತಿಗೆ ಉದ್ದವಾದಷ್ಟೂ ಇಳಿಯುತ್ತದೆ. ಪೈಪು ಹಾಕಿದ ಬಾಕ್ಸು ಅಂಥದೇ ಒಂದು ಬಿಂದಿಗೆ. 58 ಲೀಟರು ಅಂದುಕೊಂಡು ಲೆಕ್ಕ ಹಾಕಿದ್ದರೂ ಆ ತುಂಡು ಪೈಪಿಗೆ ಪೆಟ್ಟಿಗೆಯ ಸ್ವರ 44 ಹರ್ಟ್ಸಿನ ಆಸುಪಾಸು ಬರುತ್ತಿತ್ತು. ನಿಜವಾಗಿ ಇರುವ 40 ಲೀಟರಿಗೆ ಅದು 53ಕ್ಕೆ ಏರಿ ಕೂತಿದೆ. ಪೆಟ್ಟಿಗೆ ತನಗೆ ಇಷ್ಟವಾದ ಆ ಒಂದು ಸ್ವರದಲ್ಲಿ ಗುದ್ದುತ್ತದೆ, ಅದರ ಕೆಳಗೆ ಏನೂ ಇಲ್ಲ. ಹಾಡು ಯಾವುದೇ ಇರಲಿ, ದಬ್ ದಬ್ ಒಂದೇ. ಅದಕ್ಕಿಂತ ಕೆಳಗಿನ ಸ್ವರ ಬಂದಾಗ ಕೋನಿಗೆ ಗಾಳಿಯ ಆಸರೆ ತಪ್ಪಿ, ಅದು ಅಂಕೆಯಿಲ್ಲದೆ ಹಿಂದೆ ಮುಂದೆ ಹಾರಾಡುತ್ತದೆ. ‘ಕಾಯಿಲ್ ಸುಟ್ಟೋತು, ಕಂಪನಿ ಸರಿಯಿಲ್ಲ’ ಎಂಬ ದೂರು ಹುಟ್ಟುವುದು ಎಷ್ಟೋ ಸಲ ಇಲ್ಲೇ.

ಹಾಗಾದರೆ ಅದೇ ಪೈಪನ್ನು 35 ಹರ್ಟ್ಸಿಗೆ ಇಳಿಸಲು ಎಷ್ಟು ಉದ್ದ ಬೇಕು? ಸುಮಾರು 45 ಸೆಂ.ಮೀ. ಬಾಕ್ಸಿನ ಒಳ ಆಳ 32 ಸೆಂ.ಮೀ. ಮಾತ್ರ. ಮೊಣಕೈ ಹಾಕಿ ಬಗ್ಗಿಸಬೇಕು, ಇಲ್ಲವೆ ಪೆಟ್ಟಿಗೆಯನ್ನೇ ದೊಡ್ಡದು ಮಾಡಬೇಕು. 75 ಮಿ.ಮೀ. ಪೈಪಾದರೆ 19 ಸೆಂ.ಮೀ. ಸಾಕು, ಸಲೀಸಾಗಿ ಹಿಡಿಸುತ್ತದೆ. ಆದರೆ ವಾಲ್ಯೂಮ್ ಏರಿಸಿದಾಗ ಆ ಕಿರಿದಾದ ಗಂಟಲಲ್ಲಿ ಗಾಳಿ ‘ಉಸ್ಸ್’ ಅನ್ನುತ್ತದೆ. ಮನೆಯೊಳಗಿನ ಬಾಕ್ಸಿಗೆ ಪೈಪೇ ಬೇಡ, ಎಲ್ಲ ಕಡೆ ಮುಚ್ಚಿಬಿಡು ಎಂದು ಹೇಳಬಹುದಿತ್ತು. ಮುಚ್ಚಿದ ಪೆಟ್ಟಿಗೆ ಅಳತೆಯ ತಪ್ಪನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತದೆ. ಕಾರಿನಲ್ಲಿ ಮುಚ್ಚಿದ ಗಾಜು, ಬಾಗಿಲುಗಳೇ ಕೆಳಸ್ವರಕ್ಕೆ ಬಲ ಕೊಡುತ್ತವೆ. ಬಯಲಲ್ಲಿ ನಿಂತ ಟ್ರ್ಯಾಕ್ಟರಿಗೆ ಆ ಪುಕ್ಕಟೆ ಬಲವಿಲ್ಲ, ಪೈಪು ಬೇಕೇ ಬೇಕು. ಕಾರಿಗೆ ಬರೆದ ಉಪದೇಶ ನಮ್ಮ ಹೊಲದಲ್ಲಿ ಸೋಲುವುದು ಹಲಗೆಯೊಂದರಲ್ಲೇ ಅಲ್ಲ.

ಈ ಲೆಕ್ಕ ಗುಟ್ಟಿನದೂ ಅಲ್ಲ, ಹೊಸದೂ ಅಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಬರೆದದ್ದನ್ನು ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಬೆಳೆಸಿದರು. ಇಂದು ಒಳ್ಳೆಯ ವೂಫರಿನ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಎಫ್ಎಸ್, ಕ್ಯುಟಿಎಸ್, ವಿಎಎಸ್ ಎಂದು ಮೂರು ಅಂಕಿ ಇರುತ್ತವಲ್ಲ, ಅವರಿಬ್ಬರ ಕೊಡುಗೆ ಅದು. ಹಲಗೆ ಕೊಳ್ಳುವ ಮೊದಲು ಓದಬೇಕಾದದ್ದು ಆ ಚೀಟಿ. ನಮ್ಮಲ್ಲಿ ಅದು ಡಬ್ಬಿಯ ಜೊತೆಗೇ ತಿಪ್ಪೆಗೆ ಹೋಗುತ್ತದೆ.

ಅದರ ಬದಲಿಗೆ ನಡೆಯುವುದು ಮ್ಯಾಗ್ನೆಟ್ ವಿಮರ್ಶೆ. ವೂಫರನ್ನು ಎರಡೂ ಕೈಯಲ್ಲಿ ಎತ್ತಿ, ತೂಗಿ, ‘ಮ್ಯಾಗ್ನೆಟ್ ಭಾರ ಐತಿ, ಗುದ್ದು ಜೋರ್ ಬರ್ತೈತಿ’ ಎಂದು ತೀರ್ಪು ಕೊಡುವ ಒಂದು ಪಂಥವೇ ಇದೆ. ಸಂತೆಯಲ್ಲಿ ಕುಂಬಳಕಾಯಿ ಆರಿಸುವ ವಿದ್ಯೆ ಇದು. ಮ್ಯಾಗ್ನೆಟ್ಟಿನ ಬಲ ಹೆಚ್ಚಿದಾಗ ಕ್ಯುಟಿಎಸ್ ಇಳಿಯುತ್ತದೆ, ಅಂಥ ವೂಫರನ್ನು ತಪ್ಪು ಪೆಟ್ಟಿಗೆಗೆ ಹಾಕಿದರೆ ಕೆಳಸ್ವರ ಇನ್ನೂ ಬಡಕಲಾಗುವುದೂ ಉಂಟು ಎಂದರೆ ಇವರು ನನ್ನನ್ನೇ ಕುಂಬಳಕಾಯಿಯ ಹಾಗೆ ನೋಡುತ್ತಾರೆ.

ಎದುರು ಪಂಥ ಇನ್ನೂ ಗಂಭೀರವಾದದ್ದು. ಟ್ರ್ಯಾಕ್ಟರಿನ ಬಾಕ್ಸೆಂದರೆ ಸಂಸ್ಕೃತಿಯ ಅವನತಿ ಎಂದು ಅಂಕಣ ಬರೆಯುವವರು. ರಾತ್ರಿ ಹತ್ತರ ಮೇಲೆ ಊರೊಳಗೆ ಹಚ್ಚಬಾರದು ಎಂಬುದಕ್ಕೆ ನನ್ನದೂ ಒಪ್ಪಿಗೆ ಇದೆ, 2000ದ ಶಬ್ದಮಾಲಿನ್ಯ ನಿಯಮವೂ ಅದನ್ನೇ ಹೇಳುತ್ತದೆ. ಆದರೆ ಇದೇ ಜನ ದೊಡ್ಡಾಟದ ಮದ್ದಳೆ ಬೆಳಗಿನ ತನಕ ಗುಡುಗಿದ್ದನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಮದ್ದಳೆಯ ಚರ್ಮ ಯಾವುದು, ಕರಣೆ ಎಷ್ಟು ದಪ್ಪ ಎಂದು ಕೇಳುವವರು ಬಾಕ್ಸಿನ ವಿಷಯಕ್ಕೆ ಬಂದಾಗ ಕಿವಿ ಮುಚ್ಚಿಕೊಂಡು ವಿಮರ್ಶೆ ಮಾಡುತ್ತಾರೆ. ನಾಟಕ ಕಂಪನಿಯ ಪೇಟಿಯಲ್ಲಿ ತಿದಿ ಒಂದು ಕೂದಲೆಳೆಯಷ್ಟು ಗಾಳಿ ಬಿಟ್ಟರೂ ಮಾಸ್ತರರು ಆಟ ನಿಲ್ಲಿಸುತ್ತಿದ್ದರು. ಇದೂ ಗಾಳಿಯ ಪೆಟ್ಟಿಗೆಯೇ. ಇದಕ್ಕೆ ಮಾಸ್ತರಿಲ್ಲ, ಅಷ್ಟೇ ವ್ಯತ್ಯಾಸ. ಅಂಕಣಕಾರರಿಗೆ ಇನ್ನೊಂದು ಮಾತು: ಕೆಟ್ಟ ಬಾಕ್ಸೇ ಹೆಚ್ಚು ಗಲಾಟೆಯದು. ಬೇಕಾದ ಕೆಳಸ್ವರ ಬರುತ್ತಿಲ್ಲ ಅಂತಲೇ ಹುಡುಗ ವಾಲ್ಯೂಮ್ ತಿರುಗಿಸುತ್ತ ಹೋಗುತ್ತಾನೆ. 53ರ ಗುದ್ದು ಊರಿಗೆಲ್ಲ ಕೇಳುತ್ತದೆ, ಅವನಿಗೆ ಬೇಕಾದದ್ದು ಅವನಿಗೂ ಕೇಳುವುದಿಲ್ಲ.

ನಾನೇನು ಹುಟ್ಟಾ ಬಡಗಿಯಲ್ಲ. ನನ್ನ ಮೊದಲ ಬಾಕ್ಸಿಗೆ ಹದಿನಾರಿಂಚಿನ ಮೂರು ಪಟ್ಟಿ ಬೇಕಿತ್ತು. ಶೀಟಿನ ಅಗಲ 48 ಇಂಚು, ಹದಿನಾರು ಮೂರ್ಲೆ ನಲವತ್ತೆಂಟು, ಮುಗೀತು ಅಂದುಕೊಂಡೆ. ಗರಗಸದ ಅಲಗು ಪ್ರತಿ ಕೊಯ್ತಕ್ಕೆ 3 ಮಿ.ಮೀ. ತಿನ್ನುತ್ತದೆ ಎಂಬುದು ಮೂರನೆಯ ಪಟ್ಟಿ ಅರ್ಧ ಸೆಂ.ಮೀ. ಕಡಿಮೆ ಬಂದಾಗ ಗೊತ್ತಾಯಿತು. ದುಂಡು ತೂತಿಗೆ ಮೊಳೆಗೆ ದಾರ ಕಟ್ಟಿ ಗೆರೆ ಎಳೆದೆ. ದಾರ ಹಿಗ್ಗಿ ವೃತ್ತ ಹೋಗಿ ಹಲಸಿನ ತೊಳೆ ಆಯಿತು. ದಾರದ ಬದಲು ಎರಡು ತೂತಿನ ಒಂದು ಪಟ್ಟಿ ಸಾಕಿತ್ತು. ಒಂದು ತೂತಿಗೆ ಮೊಳೆ, ಇನ್ನೊಂದಕ್ಕೆ ಪೆನ್ಸಿಲ್.

ಮೋಕಾದ ಹುಡುಗ ಈ ಸಲ ಪ್ಲೈವುಡ್ ತಂದಿದ್ದಾನೆ. ಒಳ ಅಳತೆ ಹಾಕಿ, ಮೂಲೆಮಟ್ಟ ಇಟ್ಟು, ಬಿಳಿ ಅಂಟಿನಲ್ಲಿ ಗರಗಸದ ಹೊಟ್ಟು ಕಲಸಿ ಒಳಮೂಲೆಗಳಿಗೆಲ್ಲ ಮೆತ್ತಿ, ಶಿಕಂಜ ಬಿಗಿದು ಒಂದು ರಾತ್ರಿ ಬಿಟ್ಟಿದ್ದ. ಮರುದಿನ ಕೆಳಸ್ವರ ಒಂದನ್ನು ಮೆಲ್ಲಗೆ ಹಚ್ಚಿ, ಊದಿನಕಡ್ಡಿ ಹಚ್ಚಿಕೊಂಡು ಸಂದಿಗಳ ಗುಂಟ ಹಿಡಿಯುತ್ತ ಬಂದೆವು. ಹೊಗೆ ಮೂರು ಮೂಲೆಗಳಲ್ಲಿ ನೆಟ್ಟಗೆ ಮೇಲೇರಿತು. ಎಡಗಡೆಯ ಕೆಳಮೂಲೆಗೆ ಬಂದಾಗ ಬಳುಕಿತು. ಅವನು ಏನೂ ಅನ್ನದೆ ಸ್ಕ್ರೂಡ್ರೈವರ್ ತರಲು ಎದ್ದ.