ಒಂದೇ ಹಗ್ಗ, ಎರಡು ಕಥನ

1953ರ ಮೇ 29ರಂದು ಬೆಳಿಗ್ಗೆ 11.30ರ ಹೊತ್ತಿಗೆ ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ಎವರೆಸ್ಟ್ ಶಿಖರದ ಮೇಲೆ ನಿಂತರು. ಇಷ್ಟನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಆ ಏರಿಕೆಯನ್ನು ಕುರಿತು ಅವರಿಬ್ಬರು ಬೇರೆ ಬೇರೆಯಾಗಿ ಹೇಳಿದ್ದನ್ನು ಜೊತೆಗಿಟ್ಟು ಓದಿದವರು ವಿರಳ. ಹಾಗೆ ಓದಿದಾಗ ಸಾಹಿತ್ಯ ವಿಮರ್ಶೆಗೆ ಸೇರಿದ ಪ್ರಶ್ನೆಯೊಂದು ಏಳುತ್ತದೆ. ಇಬ್ಬರು ಕೂಡಿ ಮಾಡಿದ ಕೆಲಸವನ್ನು ಒಬ್ಬರು ಬರೆದಾಗ, ಆ ಬರಹದಲ್ಲಿ ಇನ್ನೊಬ್ಬರಿಗೆ ದೊರೆಯುವ ಸ್ಥಾನವೇನು?

ಮೊದಲನೆಯ ಪುಸ್ತಕ, ತಂಡದ ನಾಯಕ ಜಾನ್ ಹಂಟ್ ಅವರ ‘ದಿ ಅಸೆಂಟ್ ಆಫ್ ಎವರೆಸ್ಟ್’. ಅದು ಅದೇ ವರ್ಷ ಪ್ರಕಟವಾಯಿತು. ಹಂಟ್ ಸೇನಾಧಿಕಾರಿ, ಅವರ ಬರವಣಿಗೆಯಲ್ಲಿಯೂ ಆ ಶಿಸ್ತು ಇದೆ. ಖುಂಬು ಹಿಮನದಿ ಕಡಿದಾದ ಇಳಿಜಾರಿನಲ್ಲಿ ಒಡೆದು, ಮನೆಗಾತ್ರದ ಹಿಮದ ಬಂಡೆಗಳಾಗಿ ಬಿರಿದು ನಿಂತ ಬಗೆ, ಅವುಗಳ ನಡುವೆ ದಿನದಿನವೂ ಬದಲಾಗುವ ದಾರಿ, ಒಂದೊಂದು ಶಿಬಿರಕ್ಕೂ ಹೊರೆ ಸಾಗಿಸುವ ಲೆಕ್ಕಾಚಾರ, ಇವೆಲ್ಲ ಅಲ್ಲಿ ಸ್ಪಷ್ಟವಾಗಿ ಬಂದಿವೆ. ಶಿಖರವನ್ನು ಮುಟ್ಟಿದ ಅಧ್ಯಾಯವನ್ನು ಮಾತ್ರ ಹಂಟ್ ಬರೆದಿಲ್ಲ, ಅದು ಹಿಲರಿಯವರದು.

ಆ ಅಧ್ಯಾಯದಲ್ಲಿ, ತುದಿಗೆ ಸಮೀಪದಲ್ಲಿ, ಒಂದು ಕಡಿದಾದ ಬಂಡೆ ಎದುರಾಗುತ್ತದೆ. ಹಿಲರಿ ಬಂಡೆಗೂ ಹಿಮಕ್ಕೂ ನಡುವಣ ಬಿರುಕಿನಲ್ಲಿ ತೂರಿಕೊಂಡು ಮೇಲೇರುತ್ತಾರೆ. ಬಳಿಕ ತೇನ್‌ಸಿಂಗ್ ಬರುತ್ತಾರೆ. ಅವರು ಮೇಲೆ ತಲಪಿದ ಗಳಿಗೆಯನ್ನು ವರ್ಣಿಸುವಾಗ ಹಿಲರಿ ಅವರನ್ನು ಸೆಣಸಿ ಸೋತು, ಕಡಲಿನಿಂದ ಎಳೆದು ಹಾಕಲ್ಪಟ್ಟ ದೊಡ್ಡ ಮೀನಿಗೆ ಹೋಲಿಸುತ್ತಾರೆ. ಓದುಗನು ಮುಗುಳ್ನಕ್ಕು ಮುಂದೆ ಸಾಗಬಹುದಾದ ಸಾಲು ಅದು. ಆದರೆ ಹೋಲಿಕೆಗೆ ಒಳಗಾದವರು ಹಾಗೆ ಮುಂದೆ ಸಾಗಲಿಲ್ಲ.

1955ರಲ್ಲಿ ತೇನ್‌ಸಿಂಗ್ ಅವರ ಆತ್ಮಕಥೆ ಬಂತು. ಅವರು ಹಲವು ಭಾಷೆಗಳನ್ನು ಆಡಬಲ್ಲವರು, ಆದರೆ ಅಕ್ಷರ ಬಲ್ಲವರಲ್ಲ. ಅವರು ಹೇಳಿದುದನ್ನು ಅಮೆರಿಕದ ಲೇಖಕ ಜೇಮ್ಸ್ ರಾಮ್ಸೇ ಉಲ್ಮನ್ ಇಂಗ್ಲಿಷಿನಲ್ಲಿ ಬರೆದರು. ಅದರಲ್ಲಿ ತೇನ್‌ಸಿಂಗ್ ಆ ಮೀನಿನ ಮಾತು ತಮಗೆ ಹಿಡಿಸಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಹಿಲರಿ ಸುಮಾರು 40 ಅಡಿ ಎಂದ ಆ ಬಂಡೆ ಇವರ ಅಂದಾಜಿನಲ್ಲಿ 15 ಅಡಿಗಿಂತ ತುಸು ಹೆಚ್ಚು. ತಮ್ಮನ್ನು ಯಾರೂ ಎಳೆದುಕೊಳ್ಳಲಿಲ್ಲ, ಹಿಲರಿಯಂತೆಯೇ ತಾವೂ ಏರಿದೆವು, ಹಿಲರಿ ಏರುವಾಗ ತಾವು ಹಗ್ಗ ಹಿಡಿದಿದ್ದಂತೆ ತಾವು ಏರುವಾಗ ಹಿಲರಿ ಹಿಡಿದಿದ್ದರು ಎಂಬುದು ಅವರ ವಾದ.

ಇದು ಬರಿಯ ಅಭಿಮಾನದ ಮಾತೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಕಾರಣ ಅದೇ ಪುಸ್ತಕದಲ್ಲಿದೆ. ಮೊದಲು ಕಾಲಿಟ್ಟವರು ಯಾರೆಂಬ ಗದ್ದಲ ಕಠ್ಮಂಡುವಿನಲ್ಲಿ ಎದ್ದಾಗ, ಇಬ್ಬರೂ ಬಹುತೇಕ ಒಟ್ಟಿಗೆ ತಲಪಿದೆವೆಂದು ಹೇಳಿಕೆ ಕೊಟ್ಟಿದ್ದರು. ತೇನ್‌ಸಿಂಗ್ ಮಾತ್ರ ತಮ್ಮ ಆತ್ಮಕಥೆಯಲ್ಲಿ, ಹಿಲರಿಯೇ ಒಂದು ಹೆಜ್ಜೆ ಮುಂದಿದ್ದರೆಂದು ತಾವಾಗಿ ಒಪ್ಪಿಕೊಂಡರು. ಮೊದಲಿಗನೆಂಬ ಕೀರ್ತಿಯನ್ನು ಕೈಯಾರೆ ಬಿಟ್ಟುಕೊಟ್ಟವರು ಹದಿನೈದಡಿಯ ಬಂಡೆಗಾಗಿ ಸುಳ್ಳಾಡಲು ಕಾರಣ ಕಾಣದು. ಕೀರ್ತಿಯನ್ನು ಬಿಡಬಲ್ಲರು, ಪಟ್ಟ ಶ್ರಮವನ್ನು ಬಿಟ್ಟುಕೊಡಲಾರರು.

ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದನು. ಉಪಮೆಯೊಂದು ಕಣ್ಣಿಗೆ ಕಟ್ಟಿದರೆ ಸಾಲದು, ವಸ್ತುವಿಗೆ ಒಪ್ಪಬೇಕು. ಕಡಲ ಮಗ್ಗುಲಿನ ಕಾಸರಗೋಡಿನವರಾದ ನಮಗೆ ದಡಕ್ಕೆ ಬಿದ್ದ ಮೀನಿನ ಚಿತ್ರವನ್ನು ಯಾರೂ ವಿವರಿಸಬೇಕಾಗಿಲ್ಲ. ಎಳೆದವನಿಗೆ ಕೈ ಇದೆ, ಬುದ್ಧಿ ಇದೆ. ಮೀನಿಗೆ ಇರುವುದು ಒದ್ದಾಟ ಮಾತ್ರ. ಆರೋಹಿಗಳ ಹಗ್ಗವಾದರೋ ಗಾಳದ ದಾರವಲ್ಲ. ಅದರ ಎರಡು ತುದಿಯಲ್ಲಿಯೂ ಮನುಷ್ಯನಿರುತ್ತಾನೆ. ಒಬ್ಬನು ಏರುವಾಗ ಇನ್ನೊಬ್ಬನು ಅವನ ಪ್ರಾಣ ಕಾಯುತ್ತಾನೆ. ಅದೇ ವರ್ಷದ ಏಪ್ರಿಲಿನಲ್ಲಿ ಖುಂಬುವಿನ ಹಿಮದ ಬಿರುಕಿಗೆ ಹಿಲರಿ ಕುಸಿದಾಗ ಹಗ್ಗವನ್ನು ಬಿಗಿಹಿಡಿದು ಉಳಿಸಿದವರು ತೇನ್‌ಸಿಂಗ್. ಆಗ ಯಾರೂ ಹಿಲರಿಯವರನ್ನು ಮೀನೆನ್ನಲಿಲ್ಲ.

ಹಿಲರಿಯವರಲ್ಲಿ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಶಿಖರದ ಪ್ರಸಿದ್ಧ ಚಿತ್ರದಲ್ಲಿ ಇರುವವರು ತೇನ್‌ಸಿಂಗ್. ಅದನ್ನು ತೆಗೆದವರು ಹಿಲರಿ. ಅವರ ಗದ್ಯ ಚುರುಕಾದುದು, ಹಾಸ್ಯವೂ ಸಹಜವಾದುದು. ದೋಷ ಇರುವುದು ದೃಷ್ಟಿಯ ನೆಲೆಯಲ್ಲಿ. ಮುಂದೆ ಏರಿದವನಿಗೆ ಹಿಂದಿನವನು ಮೇಲಿನಿಂದ ಕಾಣುತ್ತಾನೆ. ಲೇಖನಿಯೂ ಅವನ ಕೈಯಲ್ಲೇ ಇದ್ದರೆ ಆ ನೋಟವೇ ಚರಿತ್ರೆಯಾಗುತ್ತದೆ.

ತೇನ್‌ಸಿಂಗ್ ಅವರ ಪುಸ್ತಕಕ್ಕೂ ಮಿತಿಯುಂಟು. ಅಲ್ಲಿ ಅವರ ಅನುಭವವಿದೆ, ಅವರ ನುಡಿಯಿಲ್ಲ. ಹೇಳಿದ ಮಾತಿನ ಏರಿಳಿತವೆಷ್ಟು ಇಂಗ್ಲಿಷಿನಲ್ಲಿ ಕರಗಿತೋ! ಆದರೂ ಹಂಟ್ ಅವರ ಪುಸ್ತಕ ಕೊಡಲಾರದುದನ್ನು ಅದು ಕೊಡುತ್ತದೆ. ಹಕ್ಕಿಯೂ ಹಾರಿ ದಾಟಲಾರದ ಬೆಟ್ಟವೆಂದು ತಾಯಿ ಹೇಳಿದ ಚೋಮೊಲುಂಗ್ಮಾ ಅಲ್ಲಿದೆ. ಹಿಂದಿನ ವರ್ಷ ಜೊತೆಗೂಡಿ ಏರಿ, ಶಿಖರದ ಹತ್ತಿರದವರೆಗೆ ಹೋಗಿ ಮರಳಿದ ಸ್ವಿಸ್ ಗೆಳೆಯ ಲ್ಯಾಂಬರ್ಟ್ ಕೊಟ್ಟ ಕೆಂಪು ಕೊರಳವಸ್ತ್ರವಿದೆ. ಮಗಳು ಕೊಟ್ಟಿದ್ದ, ಹಿಮದಲ್ಲಿ ಹೂತಿಟ್ಟ ಪುಟ್ಟ ಪೆನ್ಸಿಲ್ ಇದೆ. ಅಕ್ಷರ ಬಾರದ ತಂದೆ ಲೋಕದ ತುದಿಯಲ್ಲಿ ಬಿಟ್ಟುಬಂದ ವಸ್ತು ಪೆನ್ಸಿಲ್ ಎಂಬುದನ್ನು ಓದಿ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ.

ಶಿಖರದಿಂದ ಇಳಿದೊಡನೆ ಅವರಿಗೆ ಎದುರಾದದ್ದು ನೀವು ನೇಪಾಳದವರೋ ಭಾರತದವರೋ ಎಂಬ ಪ್ರಶ್ನೆ. ಎರಡೂ ನೆಲ ತಮ್ಮದೆಂದು ಹೇಳಲು ಅವರು ಬಹಳ ಪಾಡುಪಟ್ಟರು. 1956ರಿಂದ ಈಚೆಗೆ ಇಂಥದೇ ಪ್ರಶ್ನೆಗೆ ಉತ್ತರಿಸುತ್ತ ಬಂದ ನಮಗೆ ಆ ಪುಟಗಳು ದೂರದವಲ್ಲ. ನಮ್ಮಲ್ಲಿಯೂ ಮನೆಯಲ್ಲಿ ತುಳುವೋ ಕೊಂಕಣಿಯೋ ಹವಿಗನ್ನಡವೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಹಲವು ನುಡಿಗಳನ್ನು ಆಡುವ ಹಿರಿಯರು ನಮ್ಮ ಮನೆಮನೆಗಳಲ್ಲಿದ್ದಾರೆ. ಅವರ ಏರಿಳಿತಗಳ ಕಥೆಯನ್ನು ಬರೆದಿಟ್ಟವರು ಕೆಲವರೇ. ತೇನ್‌ಸಿಂಗ್ ಅವರಿಗೆ ಇಲ್ಲದ ಅಕ್ಷರ ನಮಗಿದೆ. ಆ ಕಥೆಗಳನ್ನು ನಾವು ನಮ್ಮ ನುಡಿಯಲ್ಲಿ ಬರೆಯದಿದ್ದರೆ ಬೇರೆಯವರು ಬರೆದಾರು. ಅವರ ಉಪಮೆ ಹೇಗಿದ್ದೀತೆಂದು ಬಲ್ಲವರಾರು?