ಕನ್ನಡ ವಿಕಿಪೀಡಿಯದ ಬರಹ: ಎಣಿಕೆ ಮತ್ತು ಉಪಯೋಗ

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಇಂದು ಅದರಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ. ಅದರ ಮಾತು ಬಂದಾಗಲೆಲ್ಲ ಮೊದಲು ಮುಂದೆ ಬರುವುದು ಈ ಎಣಿಕೆಯೇ: ತಮಿಳಿನಲ್ಲಿ ಲಕ್ಷ ದಾಟಿದೆ, ನಮ್ಮಲ್ಲಿ ಯಾಕಿಲ್ಲ ಎಂಬ ಕೊರಗು. ಆದರೆ ವಿಶ್ವಕೋಶದ ಪುಟ ತೆರೆಯುವವರು ಒಂದು ಸಂಗತಿ ಹುಡುಕಿಕೊಂಡು ಬಂದಿರುತ್ತಾರೆ. ಅದು ಸಿಕ್ಕಿತೇ, ಸಿಕ್ಕಿದ್ದು ಅರ್ಥವಾಯಿತೇ, ನಂಬಬಹುದೇ? ಈ ಮೂರು ಪ್ರಶ್ನೆಗಳನ್ನು ಹಿಡಿದು ನೋಡಿದರೆ ಎಣಿಕೆಗೆ ಕಾಣದ ಚಿತ್ರವೊಂದು ಕಾಣುತ್ತದೆ.

ಎಣಿಕೆ ದಿಢೀರನೆ ಏರಿದ ಕಾಲವೊಂದಿತ್ತು. 2009ರಿಂದ 2011ರವರೆಗೆ ಗೂಗಲ್ ಸಂಸ್ಥೆ ಹಣ ಕೊಟ್ಟು ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ಭಾರತದ ಹಲವು ಭಾಷೆಗಳಿಗೆ ತರ್ಜುಮೆ ಮಾಡಿಸಿತು. ಕನ್ನಡಕ್ಕೂ ಉದ್ದುದ್ದ ಲೇಖನಗಳು ಬಂದು ಬಿದ್ದವು. ಪಾಶ್ಚಾತ್ಯ ಗಾಯಕರು, ಟಿವಿ ಕಾರ್ಯಕ್ರಮಗಳು, ಕಾಯಿಲೆಗಳು, ಕಂಪನಿಗಳು ಅವುಗಳ ವಸ್ತು. ಬಂಗಾಳಿ ವಿಕಿಪೀಡಿಯದ ಸಂಪಾದಕರು ಇಂಥ ಲೇಖನಗಳನ್ನು ಒಪ್ಪಲಿಲ್ಲ. ತಮಿಳರು ಗುಣಮಟ್ಟದ ಬಗ್ಗೆ ತಕರಾರು ತೆಗೆದು, ತರ್ಜುಮೆದಾರರ ಜೊತೆ ಕೂತು ತಿದ್ದಿಸಲು ನೋಡಿದರು. ಕನ್ನಡದಲ್ಲಿ ಆಗ ಸಕ್ರಿಯರಾಗಿದ್ದ ಸಂಪಾದಕರೇ ಬೆರಳೆಣಿಕೆಯಷ್ಟು. ಬಂದ ಬರಹದ ಬಹುಪಾಲು ಬಂದ ಹಾಗೇ ಉಳಿಯಿತು.

ಆ ಬರಹದ ದೋಷವನ್ನು ಯಂತ್ರದ ತಲೆಗೆ ಕಟ್ಟುವುದು ರೂಢಿ. ಅದು ಸರಿಯಲ್ಲ. ಗೂಗಲ್‌ನ ಅನುವಾದ ಯಂತ್ರಕ್ಕೆ ಕನ್ನಡ ಸೇರಿದ್ದೇ 2011ರಲ್ಲಿ. ಅದಕ್ಕೂ ಮೊದಲಿನ ಪುಟಗಳನ್ನು ಬರೆದದ್ದು ಮನುಷ್ಯರು, ಕನ್ನಡ ಬಲ್ಲವರು. ತೊಡಕು ಇದ್ದದ್ದು ಕೆಲಸದ ಕ್ರಮದಲ್ಲಿ. ತರ್ಜುಮೆಯ ಸಲಕರಣೆ ಮೂಲ ಲೇಖನವನ್ನು ವಾಕ್ಯ ವಾಕ್ಯವಾಗಿ ಕತ್ತರಿಸಿ ಎದುರಿಗಿಡುತ್ತಿತ್ತು. ಒಂದು ವಾಕ್ಯ ಮುಗಿದರೆ ಮುಂದಿನದು. ಹಾಗೆ ಕೆಲಸ ಮಾಡುವವರಿಗೆ ಪ್ಯಾರಾ ಕಣ್ಣಿಗೆ ಬೀಳುವುದಿಲ್ಲ, ಓದುಗ ನೆನಪಿಗೆ ಬರುವುದಿಲ್ಲ. ಅಲ್ಲಿಂದ ಹುಟ್ಟುವುದು ಈ ಬಗೆಯ ವಾಕ್ಯ: “ಹಲಸು ಒಂದು ಮರವಾಗಿದೆ ಮತ್ತು ಇದು ಮೊರೇಸಿಯೆ ಕುಟುಂಬಕ್ಕೆ ಸೇರಿದುದಾಗಿದೆ ಹಾಗೂ ಇದು ವ್ಯಾಪಕವಾಗಿ ಬೆಳೆಯಲ್ಪಡುತ್ತದೆ.” ಇದು ಮಾದರಿಗಾಗಿ ಕಟ್ಟಿದ ವಾಕ್ಯ, ಆದರೆ ಆ ಕಾಲದ ಪುಟಗಳನ್ನು ಓದಿದವರಿಗೆ ಇದರ ಧಾಟಿ ಚೆನ್ನಾಗಿ ಗೊತ್ತು. ವ್ಯಾಕರಣ ಎಲ್ಲೂ ತಪ್ಪಿಲ್ಲ. ಆದರೂ ಕನ್ನಡದಲ್ಲಿ ಯಾರೂ ಹೀಗೆ ಹೇಳುವುದಿಲ್ಲ. ಹಲಸು ಮರ ಎನ್ನುವುದಕ್ಕೆ ‘ಒಂದು’ ಬೇಡ, ‘ಆಗಿದೆ’ ಬೇಡ. ಬೆಳೆಯುತ್ತಾರೆ ಎಂದರೆ ಸಾಕು, ‘ಬೆಳೆಯಲ್ಪಡು’ವ ಸಂಕಟ ಬೇಡ.

ಭಾಷೆಯನ್ನಷ್ಟೇ ತಿದ್ದಿದರೂ ಸಾಲದು. ಮೊರೇಸಿಯೆ ಎಂಬ ಹೆಸರು ಸಸ್ಯಶಾಸ್ತ್ರ ಓದದವರಿಗೆ ಏನನ್ನೂ ಹೇಳುವುದಿಲ್ಲ. ಹಲಸು ಆಲ, ಅತ್ತಿ, ಹಿಪ್ಪುನೇರಳೆಗಳ ಕುಟುಂಬದ್ದು, ದೀಗುಜ್ಜೆ ಮತ್ತು ಹೆಬ್ಬಲಸು ಅದರ ಹತ್ತಿರದ ಬಂಧುಗಳು ಎಂದಾಗ ಅದೇ ಸಂಗತಿ ಓದುಗರ ಹಿತ್ತಿಲಿಗೆ ಬಂದು ನಿಲ್ಲುತ್ತದೆ. ಅತ್ತಿಕಾಯಿ ಮುರಿದಾಗ ಕೈಗೆ ಹತ್ತುವ ಹಾಲನ್ನೂ ಹಲಸಿನ ಮೇಣವನ್ನೂ ಕಂಡವರು ಈ ನಂಟನ್ನು ತಟ್ಟನೆ ಗುರುತಿಸುತ್ತಾರೆ. ತಿಳಿದುದರಿಂದ ತಿಳಿಯದ್ದಕ್ಕೆ ಹೀಗೆ ದಾರಿ ಮಾಡಿಕೊಡುವುದೇ ವಿಶ್ವಕೋಶದ ಮುಖ್ಯ ಕೆಲಸ.

ಹಲಸಿನ ಪುಟವನ್ನೇ ಇನ್ನಷ್ಟು ಬೆಳೆಸಿ ನೋಡಬಹುದು. ಕನ್ನಡದ ಓದುಗರು ಅಲ್ಲಿ ಏನನ್ನು ಹುಡುಕುತ್ತಾರೆ? ತೊಳೆ ಗಟ್ಟಿಯಾಗಿರುವ ಬಕ್ಕೆ, ಮೆತ್ತಗೆ ರಸವಾಗಿರುವ ಅಂಬಲಿ ಎಂಬ ಎರಡು ಬಗೆಗಳಿವೆ, ಎರಡನೆಯದಕ್ಕೆ ಕರಾವಳಿಯಲ್ಲಿ ತುಳುವ ಎನ್ನುತ್ತಾರೆ ಎಂಬುದು ಮೊದಲ ಸಾಲುಗಳಲ್ಲೇ ಬರಬೇಕು. ಹಪ್ಪಳಕ್ಕೆ ಬೇಕಾದದ್ದು ಬಲಿತರೂ ಹಣ್ಣಾಗದ ಕಾಯಿಯ ತೊಳೆ. ಮಳೆಗಾಲಕ್ಕೆಂದು ತೊಳೆಯನ್ನು ಉಪ್ಪಿನಲ್ಲಿ ಹಾಕಿಡುವ ಉಪ್ಪುಸೊಳೆ ದಕ್ಷಿಣ ಕನ್ನಡದ ಮನೆಗಳ ಪದ್ಧತಿ. ಒಳ್ಳೆಯ ಮರದ ಬೀಜ ಹಾಕಿದರೆ ತಾಯಿಮರದ ರುಚಿಯೇ ಬರುತ್ತದೆಂಬ ಖಾತ್ರಿಯಿಲ್ಲ, ಕಸಿ ಗಿಡವೇ ಆಗಬೇಕು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿದ್ದ ತಾಮ್ರಗೆಂಪು ತೊಳೆಯ ಮರವೊಂದನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿದ ಮೇಲೆ ‘ಸಿದ್ದು’ ತಳಿ ಹೆಸರಾದದ್ದು ಇದಕ್ಕೆ ತಕ್ಕ ಉದಾಹರಣೆ. ಇಂಥ ಪುಟ ಇಂಗ್ಲಿಷಿನಿಂದ ಇಳಿದು ಬರಲಾರದು. ಅದನ್ನು ಇಲ್ಲೇ ಬರೆಯಬೇಕು, ಬರೆದರೆ ಬೇರೆ ಭಾಷೆಯವರೂ ಅದರಿಂದ ಕಡ ಪಡೆಯುತ್ತಾರೆ.

ಇಲ್ಲಿ ಒಂದು ನಿಜವಾದ ಅಡಚಣೆ ಎದುರಾಗುತ್ತದೆ. ಬರೆದ ಪ್ರತಿ ಸಂಗತಿಗೂ ಪ್ರಕಟಿತ ಆಧಾರ ಬೇಕೆಂಬುದು ವಿಕಿಪೀಡಿಯದ ಮೂಲ ನಿಯಮಗಳಲ್ಲಿ ಒಂದು. ಅಜ್ಜಿಯ ಅನುಭವ ಎಷ್ಟೇ ನಿಖರವಾಗಿದ್ದರೂ ಅಲ್ಲಿ ಆಧಾರವಾಗುವುದಿಲ್ಲ. ನಿಯಮ ಕಠಿಣವಾದರೂ ನ್ಯಾಯವಾದದ್ದೇ, ಏಕೆಂದರೆ ಹೆಸರಿಲ್ಲದ ಲೇಖಕರ ಮಾತನ್ನು ಓದುಗರು ಪರೀಕ್ಷಿಸಲು ಬೇರೆ ದಾರಿಯಿಲ್ಲ. ಹಾಗೆಂದು ಕನ್ನಡದಲ್ಲಿ ಆಧಾರಗಳೇ ಇಲ್ಲ ಎನ್ನುವುದು ಸೋಮಾರಿತನದ ಮಾತು. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಡಬೇಕೆಂಬ ತತ್ವದಿಂದಲೇ ನಡೆದದ್ದು. ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಅದು ಹಲಸಿನ ಬಗ್ಗೆ ವರ್ಷಗಟ್ಟಲೆ ಬರೆದಿದೆ. ಜಿಲ್ಲಾ ಗ್ಯಾಸೆಟಿಯರುಗಳಿವೆ, ಅಭಿನಂದನ ಗ್ರಂಥಗಳಿವೆ, ಶಾಸನ ಸಂಪುಟಗಳಿವೆ. ಇವು ಅಂತರಜಾಲದಲ್ಲಿ ಸುಲಭವಾಗಿ ಸಿಗುವುದಿಲ್ಲ, ಗ್ರಂಥಾಲಯಕ್ಕೆ ಹೋಗಬೇಕು. ಉತ್ತಮ ಪುಟಕ್ಕೂ ಸಪ್ಪೆ ಪುಟಕ್ಕೂ ಇರುವ ವ್ಯತ್ಯಾಸ ಹಲವು ಸಲ ಆ ಒಂದು ಓಡಾಟದ್ದೇ.

ಕೈಗೆ ಸಿಕ್ಕಿದ ದೊಡ್ಡ ಆಧಾರವೆಂದರೆ ಮೈಸೂರು ವಿಶ್ವವಿದ್ಯಾನಿಲಯದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶ. 2014ರಲ್ಲಿ ವಿಶ್ವವಿದ್ಯಾನಿಲಯ ಅದರ ಸಂಪುಟಗಳನ್ನು ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟದ್ದು ಕನ್ನಡಕ್ಕೆ ಮಾಡಿದ ದೊಡ್ಡ ಉಪಕಾರ. ವಿಷಯ ಬಲ್ಲವರು ಕನ್ನಡದಲ್ಲೇ ಯೋಚಿಸಿ ಬರೆದ ಗದ್ಯ ಅದು. ಪಾರಿಭಾಷಿಕ ಪದ ಎಲ್ಲಿ ಬೇಕು, ಎಲ್ಲಿ ಬಿಡಿಸಿ ಹೇಳಬೇಕು ಎಂಬ ವಿವೇಕ ಅದರಲ್ಲಿದೆ. ತೊಂದರೆ ಬರುವುದು ಅದನ್ನು ಹಾಗೆಹಾಗೇ ಅಂಟಿಸಿದಾಗ. ಮೊದಲ ಸಂಪುಟ ಬಂದದ್ದು 1969ರಲ್ಲಿ, ರಾಜ್ಯದ ಹೆಸರು ಇನ್ನೂ ಮೈಸೂರು ಆಗಿದ್ದಾಗ. ಆ ಕಾಲದ ಜನಸಂಖ್ಯೆ, ಆ ಕಾಲದ ಜಿಲ್ಲೆ, ಸೋವಿಯತ್ ಒಕ್ಕೂಟ ಇದ್ದಾಗಿನ ಭೂಪಟ ಇಂದಿನ ಪುಟದಲ್ಲಿ ವರ್ತಮಾನಕಾಲದ ಕ್ರಿಯಾಪದದೊಂದಿಗೆ ಕೂತರೆ ಒಳ್ಳೆಯ ಗದ್ಯವೇ ಸುಳ್ಳು ಹೇಳತೊಡಗುತ್ತದೆ. ಮುದ್ರಿತ ಸಂಪುಟಕ್ಕೆ ಮುಖಪುಟದ ಇಸವಿಯ ರಕ್ಷಣೆ ಇರುತ್ತದೆ. ಜಾಲತಾಣದ ಪುಟಕ್ಕೆ ಅದಿಲ್ಲ. ಓದುವವರು ಅದನ್ನು ಇವತ್ತಿನದೆಂದೇ ತಿಳಿಯುತ್ತಾರೆ.

ಬೆಂಗಳೂರು, ಮಂಗಳೂರು, ಮೂಡುಬಿದಿರೆಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ಲೇಖನ ಬರೆಸುವ ಪ್ರಯೋಗಗಳೂ ನಡೆದಿವೆ. ಕನ್ನಡ ಕೀಲಿಮಣೆ, ಆಧಾರ ಕೊಡುವ ಶಿಸ್ತು ಅವರಿಗೆ ಒಲಿಯುವುದು ದೊಡ್ಡ ಲಾಭ. ಅಂಕಕ್ಕಾಗಿ ಬರೆದ ಪುಟ ಮಾತ್ರ ಸೆಮಿಸ್ಟರ್ ಮುಗಿದಂತೆ ಅನಾಥವಾಗುತ್ತದೆ.

ಪುಟ ಬರೆಯುವುದಕ್ಕಿಂತ ಅದನ್ನು ಕಾಯುವುದು ಕಷ್ಟ, ಉಪಯೋಗ ನಿಂತಿರುವುದೂ ಆ ಕಾಯುವಿಕೆಯ ಮೇಲೆಯೇ. ಹರಪನಹಳ್ಳಿಯನ್ನು ತೆಗೆದುಕೊಳ್ಳಬಹುದು. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, ಮುಂದೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅದೇ ವರ್ಷ ‘ಬಳ್ಳಾರಿ ಜಿಲ್ಲೆಯ ಹಂಪಿ’ ಎಂದಿದ್ದ ಪ್ರತಿ ವಾಕ್ಯವೂ ಹಳತಾಯಿತು. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹೂವಿನಹಡಗಲಿಗಳ ಪುಟಗಳನ್ನೂ ತಿದ್ದಬೇಕಾಯಿತು. ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಕೂರಿಸಿದರೆ ಅರ್ಧ ಕೆಲಸವಷ್ಟೇ ಆದಂತೆ. ಯಾವ ವರ್ಷದವರೆಗೆ ಯಾವ ಜಿಲ್ಲೆ ಎಂದು ಇಸವಿಸಹಿತ ಬರೆದಿಟ್ಟರೆ, ತಂದೆಯ ಕಾಲದ ಜಮೀನಿನ ಕಾಗದದಲ್ಲಿ ‘ಬಳ್ಳಾರಿ ಜಿಲ್ಲೆ, ಹರಪನಹಳ್ಳಿ ತಾಲ್ಲೂಕು’ ಎಂದು ಓದಿ ಗೊಂದಲಗೊಂಡು ಬಂದವರಿಗೂ ಆ ಪುಟದಲ್ಲಿ ಉತ್ತರ ಸಿಗುತ್ತದೆ.